ಹೊಸ ಹೂವಿನ ಊರಿನಲ್ಲಿ ಒಂದು ಸುತ್ತು

ಪರಊರಿಗೆ ಹೋದವನು ಮೊದಲ ದಿನವೇ ಪೆಚ್ಚಾಗಬೇಕೆಂದು ಎಲ್ಲಿಯಾದರೂ ಶಾಸ್ತ್ರವಿದೆಯೋ ಏನೋ, ನಾನಂತೂ ಅದನ್ನು ತಪ್ಪದೆ ಪಾಲಿಸುವವನು. ೨೦೨೫ರ ಫೆಬ್ರವರಿ ತಿಂಗಳಲ್ಲಿ ಇಥಿಯೋಪಿಯ ದೇಶದ ರಾಜಧಾನಿ ಆಡಿಸ್ ಅಬಾಬಕ್ಕೆ ಹೋದಾಗಲೂ ಹಾಗೆಯೇ ಆಯಿತು. ಊರು ತೋರಿಸುವ ಬಸ್ಸು ನಾಳೆ ಎರಡು ಗಂಟೆಗೆ ಹೊರಡುತ್ತದೆ ಎಂದು ಚೀಟಿ ಕೊಟ್ಟವರು ಹೇಳಿದರು. ನಾನು ಬೆಳಗಿನ ತಿಂಡಿ ಮುಗಿಸಿ, ಮಧ್ಯಾಹ್ನದ ಊಟವನ್ನೂ ಮುಗಿಸಿ, ಎರಡಕ್ಕೆ ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ಹೋಗಿ ನಿಂತೆ. ಬಸ್ಸು ಹೊರಟುಹೋಗಿ ಆರು ಗಂಟೆ ಕಳೆದಿತ್ತು!

ತಪ್ಪು ಅವರದಲ್ಲ. ಅಲ್ಲಿಯವರ ಲೆಕ್ಕದಲ್ಲಿ ಹಗಲು ಎಣಿಕೆಗೆ ಬರುವುದು ಸೂರ್ಯ ಹುಟ್ಟಿದ ಹೊತ್ತಿನಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ನಮ್ಮ ಎಂಟು ಅವರ ಎರಡು. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗದ ನಾಡಿನಿಂದ ಹೋದ ನನಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಗಂಟೆಯ ಮಾತು ಹಾಗಿರಲಿ, ಅವರ ವರ್ಷಕ್ಕೆ ೧೩ ತಿಂಗಳು. ಮೂವತ್ತು ಮೂವತ್ತು ದಿನದ ೧೨ ತಿಂಗಳು, ಕೊನೆಗೆ ಐದೋ ಆರೋ ದಿನದ ಒಂದು ಮರಿತಿಂಗಳು. ಇಸವಿಯೂ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ನಾನು ಹೋದಾಗ ಅಲ್ಲಿ ೨೦೧೭ ನಡೆಯುತ್ತಿತ್ತು. ವಿಮಾನದಿಂದ ಇಳಿಯುತ್ತಲೇ ಏಳೆಂಟು ವರ್ಷ ಚಿಕ್ಕವನಾಗುವ ಭಾಗ್ಯ ಬೇರೆ ಯಾವ ಊರಿನಲ್ಲಿ ಸಿಕ್ಕೀತು?

ಈಗ ನೀವು ಮನೆಯಲ್ಲಿ ರೇಡಿಯೋದ ಮುಂದೆ ಕುಳಿತೇ ಆ ಊರಿಗೆ ನನ್ನ ಜತೆ ಬರುವವರು. ನಿಮಗೆ ಬಸ್ಸು ತಪ್ಪುವ ಭಯವಿಲ್ಲ. ಮರುದಿನ ಅವರ ಎರಡು ಗಂಟೆಗೆ, ನಮ್ಮ ಎಂಟಕ್ಕೆ, ನಾನು ಹತ್ತಿದ ಸಣ್ಣ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ನಿಮಗೇ. ಒಂದು ಶಾಲು ಇಟ್ಟುಕೊಳ್ಳಿ. ಆಫ್ರಿಕವೆಂದರೆ ಬೆಂಕಿಯಂಥ ಬಿಸಿಲೆಂದು ತಿಳಿದವರು ಇಲ್ಲಿ ನಡುಗುತ್ತಾರೆ. ಈ ಊರು ಇರುವುದು ಸಮುದ್ರಮಟ್ಟಕ್ಕಿಂತ ೨,೩೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮೇಲೆ.

ನಮ್ಮ ಮಾರ್ಗದರ್ಶಿ ಅರುವತ್ತರ ಸಮೀಪದ ಮನುಷ್ಯ. ತೆಳ್ಳನೆಯ ಮೈ, ಇಸ್ತ್ರಿ ಮಾಡಿದ ಹಳೆಯ ಕೋಟು. ನಾನು ಭಾರತದವನೆಂದು ತಿಳಿದೊಡನೆ ಎದ್ದು ನಿಂತು ಕೈಕುಲುಕಿದ. "ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು ನಿಮ್ಮ ದೇಶದವರು. ಏಟು ಕೊಡುವುದರಲ್ಲೂ ಲೆಕ್ಕ ತಪ್ಪುತ್ತಿರಲಿಲ್ಲ" ಎಂದ. ಇಂಥ ಮಾತನ್ನು ಆ ದೇಶದಲ್ಲಿ ಬಹಳ ಮಂದಿ ಹೇಳುತ್ತಾರೆ. ಹಿಂದಿನ ಶತಮಾನದ ನಡುಭಾಗದಿಂದ ಭಾರತದ ಉಪಾಧ್ಯಾಯರು ದೊಡ್ಡ ಸಂಖ್ಯೆಯಲ್ಲಿ ಹೋಗಿ, ಇಥಿಯೋಪಿಯದ ಮೂಲೆ ಮೂಲೆಯ ಶಾಲೆಗಳಲ್ಲಿ ಪಾಠ ಹೇಳಿದರು. ಮಾರ್ಗದರ್ಶಿಯ ಕೈಯಲ್ಲಿ ಅಂಚು ಮಡಿಚಿಹೋದ ಒಂದು ನೋಟುಬುಕ್ಕು. ತೋರಿಸಬೇಕಾದ ಸ್ಥಳಗಳ ಪಟ್ಟಿ ಅದರಲ್ಲಿತ್ತು. ಕೆಲವು ಹೆಸರುಗಳ ಮೇಲೆ ಅಡ್ಡಗೆರೆ. ಅದರ ಅರ್ಥ ಏನೆಂದು ನಾನು ಆಗ ಕೇಳಲಿಲ್ಲ.

ಬಸ್ಸು ಮೊದಲು ಏರುವುದು ಊರಿನ ಉತ್ತರಕ್ಕಿರುವ ಎಂಟೊಟೊ ಬೆಟ್ಟವನ್ನು. ಮೂರು ಸಾವಿರ ಮೀಟರು ದಾಟಿದ ಎತ್ತರ. ಸುತ್ತಲೂ ನೀಲಗಿರಿ ಮರಗಳ ದಟ್ಟ ಕಾಡು. ಶೀತಕ್ಕೆ ಹಚ್ಚುವ ಎಣ್ಣೆಯ ವಾಸನೆ ಗಾಳಿಯಲ್ಲೆಲ್ಲ. ಇಲ್ಲಿಂದ ಕೆಳಗೆ ನೋಡಿದರೆ ಇಡೀ ನಗರ ದಕ್ಷಿಣಕ್ಕೆ ಇಳಿಜಾರಾಗಿ ಹರಡಿಕೊಂಡಿದೆ. ಗಾಜಿನ ಗೋಪುರಗಳು, ಅವುಗಳ ನಡುವೆ ತುಕ್ಕು ಹಿಡಿದ ತಗಡಿನ ಮಾಡುಗಳು, ಎತ್ತ ತಿರುಗಿದರೂ ಕಟ್ಟಡದ ಕೆಲಸದ ಉದ್ದುದ್ದ ಯಂತ್ರಗಳು. ಹತ್ತಿಪ್ಪತ್ತು ವರ್ಷದಲ್ಲಿ ಈ ಊರು ಬದಲಾದಷ್ಟು ವೇಗವಾಗಿ ಬದಲಾದ ಊರುಗಳು ಹೆಚ್ಚಿಲ್ಲ.

ಮೆನೆಲಿಕ್ ಮಹಾರಾಜ ೧೮೮೦ರ ದಶಕದಲ್ಲಿ ಬೀಡುಬಿಟ್ಟಿದ್ದುದು ಈ ಬೆಟ್ಟದ ಮೇಲೆ. ೧೮೮೯ರಲ್ಲಿ ಅವನು ಚಕ್ರವರ್ತಿಯಾಗಿ ಕಿರೀಟ ಧರಿಸಿದ ಎಂಟೊಟೊ ಮರಿಯಂ ದೇವಾಲಯ ಇಂದಿಗೂ ಇಲ್ಲಿದೆ. ಆದರೆ ರಾಣಿ ತೈತುವಿಗೆ ಈ ಚಳಿಗಾಳಿ ಹಿಡಿಸಲಿಲ್ಲ. ತಪ್ಪಲಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಒರೊಮೊ ಜನ ಆ ಜಾಗವನ್ನು ಫಿನ್‌ಫಿನ್ನೆ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ೧೮೮೬ರಲ್ಲಿ ರಾಣಿ ಅಲ್ಲಿ ಮನೆ ಕಟ್ಟಿಸಿಕೊಂಡಳು; ಊರಿಗೆ ಆಡಿಸ್ ಅಬಾಬ ಎಂದು ಹೆಸರಿಟ್ಟಳು. ಅಮ್ಹಾರಿಕ್ ಭಾಷೆಯಲ್ಲಿ ಹಾಗೆಂದರೆ ಹೊಸ ಹೂವು. ಹೆಂಡತಿ ಇಳಿದ ಮೇಲೆ ಗಂಡ ಬೆಟ್ಟದ ಮೇಲೆ ಎಷ್ಟು ದಿನ ಇದ್ದಾನು? ಬಿಡಾರ ಪೂರ್ತಿ ಕೆಳಗಿಳಿಯಿತು.

ಬಿಡಾರವೆಂದೇ ಹೇಳಬೇಕು. ಆ ಕಾಲದಲ್ಲಿ ಅಲ್ಲಿನ ರಾಜಧಾನಿಯೆಂದರೆ ಸೈನ್ಯದ ಪಾಳೆಯ. ನಡುವೆ ದೊರೆಯ ಡೇರೆ, ಸುತ್ತ ಒಬ್ಬೊಬ್ಬ ಸರದಾರನ ಪಾಳೆಯ. ಇಂದಿಗೂ ಊರಿನ ಬಡಾವಣೆಗೆ ಅವರು ಹೇಳುವ ಮಾತು ಸೆಫೆರ್, ಪಾಳೆಯ ಎಂದೇ. ಹತ್ತಾರು ಸಾವಿರ ಜನ ಒಂದೆಡೆ ಕೂತು ಒಲೆ ಹಚ್ಚಿದರೆ ಸುತ್ತಲ ಕಾಡು ಎಷ್ಟು ದಿನ ಬಂದೀತು? ಮರ ಮುಗಿದೊಡನೆ ರಾಜಧಾನಿ ಬೇರೆ ಕಡೆಗೆ ಹೋಗುತ್ತಿತ್ತು. ಆಡಿಸ್ ಅಬಾಬಕ್ಕೂ ಅದೇ ಗತಿ ಬಂದಿತ್ತು. ೧೯೦೦ರ ಸುಮಾರಿಗೆ ಸೌದೆಯ ಅಭಾವ ಎಷ್ಟಾಯಿತೆಂದರೆ, ಪಶ್ಚಿಮಕ್ಕೆ ಸುಮಾರು ೫೦ ಕಿಲೋಮೀಟರ್ ದೂರದಲ್ಲಿ ಆಡಿಸ್ ಅಲೆಂ ಎಂಬ ಇನ್ನೊಂದು ರಾಜಧಾನಿ ಕಟ್ಟಿಸಲು ಮೆನೆಲಿಕ್ ಆರಂಭಿಸಿಬಿಟ್ಟ. ಅಲೆಂ ಎಂದರೆ ಲೋಕ, ಹೊಸ ಲೋಕ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇನ್ನೊಮ್ಮೆ ಬರುತ್ತದೆ.

ಆ ಹೊತ್ತಿಗೆ ಆಸ್ಟ್ರೇಲಿಯದ ಒಂದು ಮರ ಬಂದು ಊರನ್ನು ಉಳಿಸಿತು. ಅದೇ ನಮ್ಮ ನೀಲಗಿರಿ ಮರ. ಕಡಿದಷ್ಟೂ ಚಿಗುರುವ, ಕೆಲವೇ ವರ್ಷಗಳಲ್ಲಿ ಸೌದೆಗೆ ಬರುವ ಮರ. ಜನ ಅದನ್ನು ಬಾಹಿರ್ ಜ಼ಾಫ್, ಕಡಲಾಚೆಯ ಮರ ಎಂದರು. ಹಿತ್ತಿಲು ಹಿತ್ತಿಲಿನಲ್ಲಿ ನೆಟ್ಟರು. ರಾಜಧಾನಿ ಕದಲಲಿಲ್ಲ. ಆಡಿಸ್ ಅಲೆಂನಲ್ಲಿ ಅರಮನೆಗೆಂದು ಎದ್ದ ಕಟ್ಟಡ ದೇವಾಲಯವಾಯಿತು. ನಮ್ಮ ಕೋಲಾರದ ಕಡೆಯ ರೈತರು ಈ ಮರವನ್ನು ನೀರು ಕುಡಿಯುವ ಪಿಶಾಚಿಯೆಂದು ಬೈಯುವುದನ್ನು ಕೇಳಿದ್ದ ನಾನು, ಅದನ್ನು ಮಾರ್ಗದರ್ಶಿಗೆ ಹೇಳಿದೆ. "ಇಲ್ಲಿಯೂ ಬೈಯುತ್ತಾರೆ. ಆದರೆ ಈ ಮರ ಬಾರದಿದ್ದರೆ ನಾನು ನಿಮಗೆ ತೋರಿಸಲು ಊರೇ ಇರುತ್ತಿರಲಿಲ್ಲ" ಎಂದ. ಹೇಳುತ್ತಿರುವಾಗಲೇ ಬೆನ್ನ ಮೇಲೆ ತಮಗಿಂತ ದೊಡ್ಡ ಸೌದೆಯ ಹೊರೆ ಹೊತ್ತು ನೆಲಕ್ಕೆ ಬಾಗಿದ ಇಬ್ಬರು ಹೆಂಗಸರು ಇಳಿದುಹೋದರು. ಅವರು ಹೋದ ದಾರಿಯ ಪಕ್ಕದಲ್ಲಿಯೇ ೨೦೨೦ರಲ್ಲಿ ತೆರೆದ ಎಂಟೊಟೊ ಉದ್ಯಾನ. ಅಲ್ಲಿ ಸೈಕಲ್ಲು, ಕಾಫಿಯಂಗಡಿ, ಫೋಟೋ ತೆಗೆಸಿಕೊಳ್ಳುವ ನವದಂಪತಿಗಳು.

ಇಳಿಜಾರಿನಲ್ಲಿ ಬಂದರೆ ಮೊದಲು ಸಿಗುವ ವೃತ್ತ ಸಿದಿಸ್ತ್ ಕಿಲೋ. ನಡುವೆ ಒಂದು ಬಿಳಿಯ ಸ್ತಂಭ. ೧೯೩೫ರಲ್ಲಿ ಮುಸೊಲಿನಿಯ ಇಟಲಿ ಈ ದೇಶದ ಮೇಲೆ ದಂಡೆತ್ತಿ ಬಂದದ್ದು, ೧೯೩೬ರಿಂದ ೧೯೪೧ರವರೆಗೆ ರಾಜಧಾನಿ ಅವರ ಕೈಯಲ್ಲಿದ್ದದ್ದು ನಿಮಗೆ ನೆನಪಿರಬಹುದು. ೧೯೩೭ರ ಫೆಬ್ರವರಿ ೧೯ರಂದು ಇಟಲಿಯ ಅಧಿಕಾರಿ ಗ್ರಾಜಿಯಾನಿ ಬಡವರಿಗೆ ದಾನ ಹಂಚುತ್ತಿದ್ದಾಗ ಇಬ್ಬರು ಯುವಕರು ಬಾಂಬೆಸೆದರು. ಅವನು ಗಾಯಗೊಂಡು ಉಳಿದುಕೊಂಡ. ಆಮೇಲೆ ಮೂರು ದಿನ ಈ ಊರಿನಲ್ಲಿ ಕೈಗೆ ಸಿಕ್ಕವರನ್ನೆಲ್ಲ ಕೊಂದರು, ಮನೆಗಳಿಗೆ ಬೆಂಕಿ ಹಚ್ಚಿದರು. ಸತ್ತವರು ಸಾವಿರಾರು ಮಂದಿ. ಸ್ತಂಭದ ಸುತ್ತ ಆ ದುರಂತದ ಚಿತ್ರಗಳನ್ನು ಕೆತ್ತಿದ್ದಾರೆ. ನಾನು ಹೋದದ್ದು ಆ ಸ್ಮರಣೆಯ ದಿನ ಕಳೆದ ಮುಂದಿನ ವಾರ. ಬುಡದಲ್ಲಿಟ್ಟ ಹೂಮಾಲೆಗಳು ಬಾಡಿದ್ದವು, ಇನ್ನೂ ತೆಗೆದಿರಲಿಲ್ಲ.

ಎದುರಿನ ದೊಡ್ಡ ದ್ವಾರದೊಳಗೆ ವಿಶ್ವವಿದ್ಯಾನಿಲಯ. ಹಿಂದೆ ಅದೇ ಚಕ್ರವರ್ತಿ ಹೈಲೆ ಸೆಲಾಸಿಯವರ ಅರಮನೆ. ಬಾಂಬು ಬಿದ್ದದ್ದೂ ಈ ಅಂಗಳದಲ್ಲಿಯೇ. ೧೯೬೦ರ ಡಿಸೆಂಬರಿನಲ್ಲಿ ಸೈನ್ಯದ ಕೆಲವರು ಬಂಡೆದ್ದು, ಸೆರೆಹಿಡಿದಿದ್ದ ಮಂತ್ರಿಗಳನ್ನು ಈ ಅರಮನೆಯ ಕೋಣೆಯೊಂದರಲ್ಲಿ ಗುಂಡಿಕ್ಕಿದರು. ಚಕ್ರವರ್ತಿ ಆಮೇಲೆ ಈ ಮನೆಯನ್ನು ವಿದ್ಯೆಗೆ ಬಿಟ್ಟುಕೊಟ್ಟರು. ಅವರ ಮಲಗುವ ಕೋಣೆ, ಸ್ನಾನದ ತೊಟ್ಟಿ ಈಗ ವಸ್ತುಸಂಗ್ರಹಾಲಯದ ಭಾಗ. ಆದರೆ ನೀವು ನೋಡಬೇಕಾದದ್ದು ಅಂಗಳದಲ್ಲಿರುವ ಒಂದು ಮೆಟ್ಟಲುಸಾಲು. ಸುರುಳಿಯಾಗಿ ಮೇಲೇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಮುಸೊಲಿನಿ ಅಧಿಕಾರ ಹಿಡಿದ ೧೯೨೨ರಿಂದ ವರ್ಷಕ್ಕೊಂದರಂತೆ ಇಟಲಿಯವರು ಕಟ್ಟಿದ ಮೆಟ್ಟಲು. ಅವರು ಹೋದ ಮೇಲೆ ಇಥಿಯೋಪಿಯದವರು ಅದನ್ನು ಕೆಡವಲಿಲ್ಲ. ತುತ್ತತುದಿಯ ಮೆಟ್ಟಲಿನ ಮೇಲೆ ತಮ್ಮದೊಂದು ಸಿಂಹವನ್ನು ಕೂರಿಸಿದರು. ಅಷ್ಟೆ!

ಇನ್ನಷ್ಟು ಇಳಿದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯ. ೩೨ ಲಕ್ಷ ವರ್ಷ ಹಿಂದಿನ ಒಬ್ಬ ಹೆಣ್ಣುಮಗಳ ಮೂಳೆಗಳು ಈ ಕಟ್ಟಡದಲ್ಲಿವೆ. ೧೯೭೪ರ ನವೆಂಬರಿನಲ್ಲಿ ಅಫಾರ್ ಪ್ರಾಂತದ ಹದಾರಿನಲ್ಲಿ ಸಿಕ್ಕವು. ಪರದೇಶದವರು ಅವಳಿಗೆ ಒಂದು ಇಂಗ್ಲಿಷ್ ಹಾಡಿನಿಂದ ಲೂಸಿ ಎಂದು ಹೆಸರಿಟ್ಟರು; ಊರವರು ದಿನ್ಕಿನೆಶ್ ಎನ್ನುತ್ತಾರೆ, ನೀನೊಂದು ಅದ್ಭುತ ಎಂದು ಅರ್ಥ. ಪ್ರದರ್ಶನಕ್ಕಿಟ್ಟಿರುವುದು ಪಡಿಯಚ್ಚು, ನಿಜವಾದ ಮೂಳೆಗಳು ಒಳಗೆ ಭದ್ರವಾಗಿವೆ. ಅವಳು ಮಣ್ಣಿನಿಂದ ಎದ್ದುಬರುವುದಕ್ಕೆ ಎರಡೇ ತಿಂಗಳ ಹಿಂದೆ, ಸೆಪ್ಟೆಂಬರ್ ೧೨ರಂದು, ಸೇನಾಧಿಕಾರಿಗಳು ಹೈಲೆ ಸೆಲಾಸಿಯವರನ್ನು ಪದಚ್ಯುತಗೊಳಿಸಿ, ಒಂದು ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕರೆದೊಯ್ದರು. ಮರುವರ್ಷ ಅವರು ಸೆರೆಯಲ್ಲೇ ತೀರಿಕೊಂಡರು. ಅರಮನೆಯ ನೆಲದಡಿಯಿಂದ ಅವರ ಅಸ್ಥಿಯನ್ನು ತೆಗೆದದ್ದು ೧೯೯೨ರಲ್ಲಿ. ಹತ್ತಿರದ ಟ್ರಿನಿಟಿ ಕೆಥೆಡ್ರಲಿನಲ್ಲಿ ಮರ್ಯಾದೆಯಿಂದ ಸಮಾಧಿ ಮಾಡಿದ್ದು ೨೦೦೦ದಲ್ಲಿ. ಮೆನೆಲಿಕ್ ಕಟ್ಟಿಸಿದ ಹಳೆಯ ಅರಮನೆಯ ಆವರಣ ೨೦೧೯ರಿಂದ ಉದ್ಯಾನವಾಗಿದೆ; ಚೀಟಿ ಕೊಂಡು ಯಾರೂ ಒಳಗೆ ಹೋಗಬಹುದು. ನಾವು ಹೋಗಲಿಲ್ಲ. ಮಾರ್ಗದರ್ಶಿ ಗಡಿಯಾರ ನೋಡುತ್ತಿದ್ದ. ಅವನ ಮನಸ್ಸು ಮುಂದಿನ ನಿಲ್ದಾಣದಲ್ಲಿತ್ತು.

ಆ ನಿಲ್ದಾಣದ ಹೆಸರು ಪಿಯಾಸ. ಇಟಲಿಯವರು ಇಟ್ಟ ಹೆಸರು. ಮೊದಲಿನ ಹೆಸರು ಅರಾದ. ಊರಿನ ಮೊತ್ತಮೊದಲ ಪೇಟೆ ಇದೇ. ನಡುವೆ ಸೇಂಟ್ ಜಾರ್ಜ್ ದೇವಾಲಯ, ಅದರೆದುರು ಕುದುರೆಯೇರಿದ ಮೆನೆಲಿಕ್. ಈ ಕುದುರೆಯ ಕಥೆಯೂ ಕೇಳುವಂಥದು. ಇಟಲಿಯವರು ರಾತ್ರೋರಾತ್ರಿ ಅದನ್ನು ಕಿತ್ತು ನೆಲದಲ್ಲಿ ಹೂತರು, ಅವರು ತೊಲಗಿದ ಮೇಲೆ ಊರವರು ಅಗೆದು ತೆಗೆದು ಮತ್ತೆ ನಿಲ್ಲಿಸಿದರು. ಸುತ್ತಣ ಬೀದಿಗಳಲ್ಲಿ ಮಣ್ಣು ಮರದಿಂದ ಕಟ್ಟಿದ, ಮಹಡಿಯ ಮೇಲೆ ಮರದ ಜಗಲಿ ಇರುವ ಹಳೆಯ ಮನೆಗಳಿದ್ದವು. ಕಟ್ಟಿದವರಲ್ಲಿ ಭಾರತದ ಮೇಸ್ತ್ರಿಗಳೂ ಆರ್ಮೀನಿಯದವರೂ ಇದ್ದರು. ಗುಜರಾತಿನ ಬೋಹ್ರಾ ವರ್ತಕರ ಅಂಗಡಿಗಳಿದ್ದವು, ಗ್ರೀಕರ ಅಂಗಡಿಗಳಿದ್ದವು. ಹಿಂದಿನ ಶತಮಾನದ ಮೊದಲ ದಶಕದಲ್ಲಿ ರಾಣಿ ತೈತು ತೆರೆಸಿದ, ದೇಶದ ಮೊದಲ ಹೋಟೆಲೂ ಇಲ್ಲಿದೆ. ೨೦೧೫ರ ಜನವರಿಯಲ್ಲಿ ಅದಕ್ಕೆ ಬೆಂಕಿ ಬಿದ್ದಿತ್ತು.

"ಬಲಗಡೆಗೆ ನೋಡಿ" ಎಂದ ಮಾರ್ಗದರ್ಶಿ. ನಾವೆಲ್ಲ ಬಲಗಡೆಗೆ ನೋಡಿದೆವು. ಅಗಲವಾದ ಹೊಸ ರಸ್ತೆ, ಚೊಕ್ಕಟವಾದ ಕಾಲುದಾರಿ, ಸೈಕಲ್ಲಿಗೆ ಬೇರೆ ಹಾದಿ, ಸಾಲುದೀಪ, ಹೊಸದಾಗಿ ನೆಟ್ಟ ಹುಲ್ಲು. "ಇಲ್ಲಿ ಒಂದು ಮಿಠಾಯಿ ಅಂಗಡಿಯಿತ್ತು. ಅದರ ಪಕ್ಕ ಅಕ್ಕಸಾಲಿ. ಅದರ ಪಕ್ಕ ಒಂದು ಓಣಿ. ಆ ಓಣಿಯ ಒಳಗೆ ಏಳು ಮನೆ, ಒಂದು ಅಂಗಳ, ಒಂದು ನಲ್ಲಿ." ಅವನು ಬೆರಳು ತೋರಿಸುತ್ತಲೇ ಹೋದ. ನಾವು ಹುಲ್ಲನ್ನು ನೋಡುತ್ತಲೇ ಇದ್ದೆವು. ನೋಟುಬುಕ್ಕಿನ ಅಡ್ಡಗೆರೆಗಳ ಅರ್ಥ ಆಗ ತಿಳಿಯಿತು.

೨೦೨೪ರ ಆರಂಭದಲ್ಲಿ ಸರಕಾರ ಊರಿನ ಮುಖ್ಯ ರಸ್ತೆಗಳ ಇಕ್ಕೆಲವನ್ನು ಹೊಸದಾಗಿ ಕಟ್ಟುವ ದೊಡ್ಡ ಯೋಜನೆ ಕೈಗೊಂಡಿತು. ಅದೇ ಫೆಬ್ರವರಿಯಲ್ಲಿ ಪಿಯಾಸದಲ್ಲಿ ಅದ್ವಾ ವಿಜಯದ ಭಾರಿ ಸ್ಮಾರಕ ಉದ್ಘಾಟನೆಯಾಯಿತು. ೧೮೯೬ರ ಮಾರ್ಚ್ ೧ರಂದು ಮೆನೆಲಿಕ್ ಮತ್ತು ತೈತು ಇಟಲಿಯ ಸೈನ್ಯವನ್ನು ಸೋಲಿಸಿದ ಅದ್ವಾ ಯುದ್ಧ ಇಡೀ ಆಫ್ರಿಕಕ್ಕೆ ತಲೆಯೆತ್ತಿಸಿದ ಘಟನೆ. ಸ್ಮಾರಕ ಬೇಕಿತ್ತು, ಚೆನ್ನಾಗಿಯೂ ಇದೆ. ಅದರ ಮುಂದಿನ ತಿಂಗಳಿನಿಂದ ಸುತ್ತಣ ಓಣಿಗಳು ನೆಲಸಮವಾದವು. ಹೋದವುಗಳಲ್ಲಿ ದೋರೋ ಮಾನೆಕಿಯ ಎಂಬ ಕೇರಿಯೂ ಒಂದು. ಕೋಳಿಯ ಕತ್ತು ಹಿಸುಕುವ ಜಾಗ ಎಂದು ಅದರ ಅರ್ಥವೆಂದು ಮಾರ್ಗದರ್ಶಿ ನಕ್ಕು ಹೇಳಿದ. ನಕ್ಕ ಮೇಲೆ, ತಾನು ಹುಟ್ಟಿದ್ದು ಅಲ್ಲಿಯೇ ಎಂದ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪ್ರವಾಸಿಗಳಿಗೆ ಹಳೆಯ ಬೀದಿ ಕಂಡರೆ ಸಾಕು, ಕವಿತೆ ಹುಟ್ಟುತ್ತದೆ. ಅದರಲ್ಲಿ ಇರಬೇಕಾದವರ ಪಾಡು ಬೇರೆ. ಆ ಓಣಿಗಳ ಬಹುಪಾಲು ಮನೆಗಳು ಸರಕಾರದ ಬಾಡಿಗೆ ಮನೆಗಳು. ೧೯೭೫ರಲ್ಲಿ ಸೈನಿಕ ಸರಕಾರ ನಗರದ ನೆಲವನ್ನೂ, ಒಬ್ಬರಿಗೆ ಒಂದು ಮನೆಗಿಂತ ಹೆಚ್ಚಾದುದನ್ನೂ ವಶಪಡಿಸಿಕೊಂಡು ಅಲ್ಪ ಬಾಡಿಗೆಗೆ ಕೊಟ್ಟಿತು. ಬಾಡಿಗೆ ಏರಲಿಲ್ಲ, ದುರಸ್ತಿಯೂ ಆಗಲಿಲ್ಲ. ಮಳೆಗಾಲದಲ್ಲಿ ಸೋರುವ ತಗಡು, ಏಳು ಮನೆಗೆ ಒಂದೇ ಪಾಯಿಖಾನೆ. ಇದು ಮಾರ್ಗದರ್ಶಿ ಹೇಳಿದ ಮಾತೇ, ನನ್ನದಲ್ಲ. ಅವರ ಕುಟುಂಬಕ್ಕೆ ಒಂದು ವಾರ ಮೊದಲು ತಿಳಿಸಿದರಂತೆ. ಊರಿನ ಅಂಚಿನಲ್ಲಿ ನಾಲ್ಕನೆಯ ಮಹಡಿಯ ಮೇಲೆ ಎರಡು ಕೋಣೆಯ ಮನೆ ಸಿಕ್ಕಿತಂತೆ. "ನನ್ನ ತಾಯಿಗೆ ಈಗ ಸ್ವಂತ ನಲ್ಲಿಯಿದೆ. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ" ಎಂದ. ಬಸ್ಸಿನಲ್ಲಿದ್ದ ಒಬ್ಬರು "ಹಾಗಾದರೆ ಸಂತೋಷವೇ" ಎಂದರು. ಅವನು "ನಲ್ಲಿಯ ಬಗ್ಗೆ ಸಂತೋಷವೇ" ಎಂದು ಉತ್ತರ ಕೊಟ್ಟು ಡ್ರೈವರನಿಗೆ ಸನ್ನೆ ಮಾಡಿದ.

ಮೆರ್ಕಾತೊ ಎಂಬ ಭಾರಿ ಸಂತೆಯನ್ನು ಬಸ್ಸಿನಿಂದಲೇ ತೋರಿಸಿದರು. ಇಳಿದರೆ ಜೇಬು ಜೋಪಾನ ಎಂಬ ಎಚ್ಚರಿಕೆ ಕೇಳಿ ಇಳಿಯುವ ಉತ್ಸಾಹವೂ ಯಾರಿಗೂ ಉಳಿಯಲಿಲ್ಲ. ಬೆಟ್ಟದ ಕಡೆಯಿಂದ ದಕ್ಷಿಣಕ್ಕೆ ನೇರ ಇಳಿಯುವ ಚರ್ಚಿಲ್ ರಸ್ತೆಯ ತುದಿಗೆ ಹಳೆಯ ರೈಲು ನಿಲ್ದಾಣ. ೧೯೧೭ರಲ್ಲಿ ಜಿಬೂತಿ ಬಂದರಿನಿಂದ ರೈಲು ಇಲ್ಲಿಗೆ ಮುಟ್ಟಿತು. ಆ ರೈಲು ನಿಂತುಹೋಯಿತು. ಚೀನಾದವರು ಕಟ್ಟಿದ ಹೊಸ ವಿದ್ಯುತ್ ರೈಲು ೨೦೧೮ರಿಂದ ಊರಿನ ಹೊರವಲಯದಿಂದಲೇ ಹೊರಡುತ್ತದೆ. ಊರೊಳಗಿನ ಟ್ರಾಮಿನಂಥ ರೈಲು ೨೦೧೫ರದು. ರಸ್ತೆಯಲ್ಲಿ ಸದ್ದಿಲ್ಲದ ವಿದ್ಯುತ್ ಕಾರುಗಳು ಬಹಳ. ಪೆಟ್ರೋಲು ಡೀಸೆಲಿನ ಕಾರುಗಳನ್ನು ಹೊರದೇಶದಿಂದ ತರಿಸುವುದನ್ನು ೨೦೨೪ರಲ್ಲಿ ನಿಲ್ಲಿಸಿದರು. ಹತ್ತಿರದಲ್ಲೇ ೨೦೨೨ರಲ್ಲಿ ಉದ್ಘಾಟನೆಯಾದ, ೨೦೯ ಮೀಟರ್ ಎತ್ತರದ ಬ್ಯಾಂಕಿನ ಗೋಪುರ. ಕತ್ತು ನೋಯುವಷ್ಟು ನೋಡಿದೆವು, ಹೇಳುವಂಥದೇನೂ ಇಲ್ಲ.

ಮೆಸ್ಕೆಲ್ ಚೌಕವನ್ನು ಮಾತ್ರ ನಿಧಾನವಾಗಿ ನೋಡಿ. ಸೆಪ್ಟೆಂಬರ್ ಕೊನೆಯಲ್ಲಿ ಶಿಲುಬೆಯ ಹಬ್ಬಕ್ಕೆ ಇಲ್ಲಿ ದೊಡ್ಡ ಕಾಮನ ಬೆಂಕಿಯಂತೆ ಕಟ್ಟಿಗೆಯ ರಾಶಿಗೆ ಕೊಳ್ಳಿಯಿಡುತ್ತಾರೆ. ಅರ್ಧಚಂದ್ರದ ಮೆಟ್ಟಲುಗಳ ಮೇಲೆ ಬೆಳಗಾತ ನೂರಾರು ಹುಡುಗರು ಓಡುತ್ತಾರೆ. ೧೯೬೦ರಲ್ಲಿ ರೋಮಿನ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲ ಈ ದೇಶದವನು. ಆ ಗುಂಗು ಇನ್ನೂ ಇಳಿದಿಲ್ಲ. ಚೌಕದ ಒಂದು ಮೂಲೆಯಲ್ಲಿ, ೧೯೭೦ರ ದಶಕದಲ್ಲಿ ಸೈನಿಕ ಸರಕಾರ ಕೊಲ್ಲಿಸಿದ ತರುಣರ ಸ್ಮಾರಕ. ಗೋಡೆಯ ತುಂಬ ಶಾಲಾ ಹುಡುಗರ, ಕಾಲೇಜು ಹುಡುಗಿಯರ ಭಾವಚಿತ್ರಗಳು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಪಕ್ಕದಲ್ಲೇ ೧೯೬೧ರಲ್ಲಿ ತೆರೆದ ಆಫ್ರಿಕ ಭವನ. ೧೯೬೩ರ ಮೇ ೨೫ರಂದು ಎನ್ಕ್ರುಮಾ, ನಾಸೆರ್, ನ್ಯೆರೆರೆ ಮೊದಲಾದ ನಾಯಕರು ಇಲ್ಲಿ ಸೇರಿ ಆಫ್ರಿಕದ ಐಕ್ಯಸಂಸ್ಥೆಯನ್ನು ಸ್ಥಾಪಿಸಿದರು. ಒಳಗೆ ಅಫೆವೆರ್ಕ್ ತೆಕ್ಲೆ ಎಂಬ ಕಲಾವಿದ ಬಣ್ಣದ ಗಾಜಿನಲ್ಲಿ ಮಾಡಿದ ೧೫೦ ಚದರ ಮೀಟರಿನ ಚಿತ್ರವಿದೆ, ಆಫ್ರಿಕದ ನಿನ್ನೆ ಇಂದು ನಾಳೆ. ಬೆಳಗಿನ ಬಿಸಿಲು ಅದರ ಮೂಲಕ ನೆಲದ ಮೇಲೆ ಬಿದ್ದಾಗ ಕಾಲಿಡಲು ಸಂಕೋಚವಾಗುತ್ತದೆ. ಆ ಸಂಸ್ಥೆಯ ಮುಂದುವರಿಕೆಯಾದ ಆಫ್ರಿಕ ಒಕ್ಕೂಟಕ್ಕೆ ಈಗ ಬೇರೆ ಮನೆ. ಚೀನಾ ದೇಶ ೨೦ ಕೋಟಿ ಡಾಲರು ಖರ್ಚುಮಾಡಿ ಕಟ್ಟಿಕೊಟ್ಟ ಗೋಪುರ ಅದು. ೨೦೧೨ರ ಜನವರಿಯಲ್ಲಿ ತೆರೆಯಿತು. ಒಕ್ಕೂಟದ ನಿರ್ಣಯವಾದ ೯-೯-೯೯ನೆಯ ತಾರೀಖಿನ ನೆನಪಿಗೆ ಎತ್ತರ ಸರಿಯಾಗಿ ೯೯.೯ ಮೀಟರ್. ಎಲ್ಲರೂ ಫೋಟೋ ತೆಗೆದರು. ಮಾರ್ಗದರ್ಶಿ ಕೊನೆಗೆ, ಎಲ್ಲರಿಗೂ ಅಲ್ಲದಂತೆ ಮೆಲ್ಲಗೆ ಹೇಳಿದ: ಈ ಗೋಪುರ ನಿಂತಿರುವುದು ಊರಿನ ಹಳೆಯ ಸೆರೆಮನೆಯ ಜಾಗದಲ್ಲಿ. ಚಕ್ರವರ್ತಿಯ ಕಾಲದಲ್ಲೂ ಸೈನಿಕರ ಕಾಲದಲ್ಲೂ ರಾಜಕೀಯ ಕೈದಿಗಳು ಅದರಲ್ಲಿದ್ದರು. ಅದನ್ನು ಜನ ಕರೆಯುತ್ತಿದ್ದದ್ದು ಅಲೆಂ ಬೆಕಾಞ್ ಎಂದು. ಅಲೆಂ ಎಂದರೆ ಲೋಕ, ಹೇಳಿದ್ದೆನಲ್ಲ. ಲೋಕ ನನಗೆ ಸಾಕಾಯಿತು, ಎಂದು ಆ ಹೆಸರಿನ ಅರ್ಥ.

ಬಸ್ಸಿನ ಸುತ್ತು ಅಲ್ಲಿಗೆ ಮುಗಿಯಿತು. ಇಳಿಯುವಾಗ ಅವನು, ಭಾನುವಾರ ನಮ್ಮ ಮನೆಗೆ ಕಾಫಿಗೆ ಬನ್ನಿ, ಏಳು ಗಂಟೆಗೆ ಎಂದ. ಈ ಸಲ ನಾನು ಮೋಸಹೋಗಲಿಲ್ಲ. ಮಧ್ಯಾಹ್ನ ಒಂದಕ್ಕೆ ಹೋದೆ. ಎರಡು ಬಸ್ಸು ಬದಲಾಯಿಸಿ ಒಂದೂವರೆ ಗಂಟೆಯ ಹಾದಿ. ಒಂದೇ ಅಚ್ಚಿನ ಐದಂತಸ್ತಿನ ಕಟ್ಟಡಗಳು ಸಾಲುಸಾಲಾಗಿ, ಲಿಫ್ಟಿಲ್ಲ.

ಆ ತಾಯಿ ಮೊದಲು ನನಗೆ ನಲ್ಲಿ ತೋರಿಸಿದರು. ತಿರುಗಿಸಿದರು, ನೀರು ಬಂತು. ಅವರ ಮುಖ ಅರಳಿತು. ಊಟಕ್ಕೆ ಇಂಜೆರ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಬರಿಸಿ ಹೊಯ್ದ, ತಟ್ಟೆಯಗಲದ ದೋಸೆಯೆಂದರೆ ನಿಮಗೆ ತಿಳಿದೀತು. ಬಳಿಕ ಕಾಫಿ. ಕಾಫಿಗೆ ಆ ನಾಡೇ ತವರು. ಅಲ್ಲಿಂದ ಯೆಮೆನ್ ದೇಶಕ್ಕೆ ಹೋಗಿ, ಯೆಮೆನಿನಿಂದ ಬಾಬಾ ಬುಡನ್ನರ ಜತೆ ಏಳು ಬೀಜ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಂದವೆಂದು ನಮ್ಮಲ್ಲಿ ಪ್ರತೀತಿ. ಅದನ್ನು ಹೇಳಿದಾಗ ಆಕೆ, ಏಳೇ ಕೊಟ್ಟರೇ ಎಂದು ಕೇಳಿದರು. ಕಾಫಿಯೆಂದರೆ ಅಲ್ಲಿ ಒಂದು ಲೋಟ ಕುಡಿದು ಏಳುವುದಲ್ಲ. ಹಸಿರು ಬೀಜವನ್ನು ಅತಿಥಿಯ ಎದುರೇ ಹುರಿದು, ಹೊಗೆಯನ್ನು ಕೈಯಿಂದ ಮೂಗಿನತ್ತ ಬೀಸಿ, ಕುಟ್ಟಿ, ಕರಿಯ ಮಣ್ಣಿನ ಹೂಜಿಯಲ್ಲಿ ಕುದಿಸಿ, ಧೂಪ ಹಾಕಿ, ಮೂರು ಸುತ್ತು ಕುಡಿಯಬೇಕು. ಮೂರನೆಯದಕ್ಕೆ ಬರಕ ಎಂದು ಹೆಸರು, ಆಶೀರ್ವಾದ.

ಓಣಿಯಲ್ಲಿದ್ದಾಗ ಹುರಿಯುವ ವಾಸನೆಗೇ ಏಳು ಮನೆಯವರೂ ಬಂದು ಕೂರುತ್ತಿದ್ದರಂತೆ. ಇಲ್ಲಿ ಬಾಗಿಲು ಹಾಕಿದರೆ ವಾಸನೆಯೂ ಹೊರಗೆ ಹೋಗದು. ಆದರೆ ಆಕೆಯ ಚಿಂತೆ ಅದಾಗಿರಲಿಲ್ಲ. ಇದ್ದಿರ್‌ನದು. ನಮ್ಮ ಚೀಟಿಯಂಥ ಹಣದ ಕೂಟವೂ ಅವರಲ್ಲಿದೆ, ಅದಕ್ಕೆ ಇಕುಬ್ ಎನ್ನುತ್ತಾರೆ. ಇದ್ದಿರ್ ಬೇರೆ. ಕೇರಿಯ ಮನೆಗಳೆಲ್ಲ ತಿಂಗಳು ತಿಂಗಳು ಸ್ವಲ್ಪ ಹಣ ಹಾಕುತ್ತಾರೆ. ಒಂದು ಮನೆಯಲ್ಲಿ ಸಾವಾದರೆ ಇದ್ದಿರ್‌ನವರು ಡೇರೆ ಹಾಕಿ, ಬೆಂಚು ತಂದು, ಅಡುಗೆ ಮಾಡಿ, ಹೆಣ ಹೊತ್ತು, ಕೆಲವು ದಿನ ಮನೆಯವರ ಜತೆ ಕೂರುತ್ತಾರೆ. ಈಕೆ ೫೦ ವರ್ಷದಿಂದ ತಪ್ಪದೆ ಕಟ್ಟಿದ್ದಾರೆ. ಎಷ್ಟೋ ಸಾವುಗಳಿಗೆ ಅಡುಗೆ ಮಾಡಿದ್ದಾರೆ. ಈಗ ಓಣಿಯವರನ್ನು ಊರಿನ ಮೂರು ಬೇರೆ ಬೇರೆ ಅಂಚುಗಳಿಗೆ ಕಳುಹಿಸಿದ್ದಾರೆ. "ನನ್ನ ಸರದಿ ಬಂದಾಗ ನಾಲ್ಕು ಮಹಡಿ ಹತ್ತಿ ಯಾರು ಬರುತ್ತಾರೆ?" ಎಂದರು. ಮಗ ಅದನ್ನು ಇಂಗ್ಲಿಷಿನಲ್ಲಿ ನನಗೆ ಹೇಳುವಾಗ ನೆಲ ನೋಡುತ್ತಿದ್ದ.

ಇದ್ದಿರ್ ಮುಚ್ಚಿತೇ ಎಂದು ಕೇಳಿದೆ. ಆಕೆ ಎದ್ದು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಪುಸ್ತಕ ತಂದರು. ತಿಂಗಳು ತಿಂಗಳ ಮುದ್ರೆ ಬಿದ್ದಿತ್ತು. ಅವರ ಲೆಕ್ಕದ ೨೦೧೭ರ ಹಿಂದಿನ ತಿಂಗಳವರೆಗೂ. ತಿಂಗಳಿಗೊಂದು ಭಾನುವಾರ ಎಲ್ಲರೂ ತಮ್ಮ ತಮ್ಮ ಅಂಚಿನಿಂದ ಪಿಯಾಸಕ್ಕೆ ಬರುತ್ತಾರಂತೆ, ಸೇಂಟ್ ಜಾರ್ಜ್ ದೇವಾಲಯದ ಆವರಣದಲ್ಲಿ ಮರದ ಕೆಳಗೆ ಕೂರುತ್ತಾರಂತೆ. ಡೇರೆಯೂ ಬೆಂಚುಗಳೂ ಸದ್ಯಕ್ಕೆ ಒಬ್ಬರ ಪರಿಚಯದ ಅಂಗಡಿಯ ಹಿಂದೆ ಇವೆ.

ನಿಮ್ಮ ಊರಿನಲ್ಲಿ ಇದ್ದಿರ್ ಉಂಟೇ ಎಂದು ಆಕೆ ನನ್ನನ್ನು ಕೇಳಿದರು. ಹೆಸರು ಬೇರೆ, ಹಿಂದೆ ಕೇರಿಯವರೇ ಬರುತ್ತಿದ್ದರು, ಈಗ ಫೋನು ಮಾಡಿದರೆ ಗಾಡಿ ಬರುತ್ತದೆ ಎಂದೆ. ಮಗ ಅದನ್ನು ಅವರ ಭಾಷೆಗೆ ತಿರುಗಿಸಿದ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಗಾಡಿಯವನು ಆಮೇಲೆ ಕೂರುತ್ತಾನೆಯೇ ಎಂದು ಕೇಳಿದರು. ನನ್ನ ಬಟ್ಟಲಿಗೆ ಮೂರನೆಯ ಕಾಫಿ ಹೊಯ್ದರು. ಹೊರಟಾಗ ಹನ್ನೊಂದು ಗಂಟೆ, ಅಂದರೆ ಸಂಜೆ ಐದು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.